ಸಹಾಯ ಬೇಕು: ಹೆಸ್ಟರ್‌ಳ ನಾಚಿಕೆ ದೊಡ್ಡದೋ, ಪಾದ್ರಿಯ ಗುಟ್ಟೋ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. ಸೋಮವಾರ ಸೆಮಿನಾರ್ ಇದೆ. ವಿಷಯ, ಹಾಥಾರ್ನ್ 1850ರಲ್ಲಿ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿ.

ಗಂಡನಲ್ಲದವನಿಂದ ಮಗು ಪಡೆದ ಹೆಸ್ಟರ್ ಶಿಕ್ಷೆಯಾಗಿ ಎದೆ ಮೇಲೆ ಕೆಂಪು ‘ಎ’ (ಅಡಲ್ಟರಿ, ಅಂದರೆ ವ್ಯಭಿಚಾರ) ಅಕ್ಷರ ಹೊತ್ತು ಬಾಸ್ಟನ್ ಜನರ ಮುಂದೆ ನಿಲ್ಲುತ್ತಾಳೆ. ಮಗುವಿನ ತಂದೆ ಯಾರೆಂದು ಬಾಯಿ ಬಿಡುವುದಿಲ್ಲ. ತಂದೆ ಪಾದ್ರಿ ಡಿಮ್ಸ್‌ಡೇಲ್. ಹೆಸರು ಹೇಳು ಅಂತ ಅವಳಿಗೆ ಬುದ್ಧಿ ಹೇಳುವವನೂ ಅವನೇ! ಓದಿ ಮೈ ಉರಿಯಿತು. ಮುಂದಿನ ಏಳು ವರ್ಷ ಅವಳು ಹೊಲಿಗೆ ಮಾಡಿ ಮಗಳನ್ನು ಸಾಕುತ್ತಾಳೆ. ಅವನು ಗುಟ್ಟಾಗಿ ಚಾಟಿಯಿಂದ ಹೊಡೆದುಕೊಂಡು ಸೊರಗುತ್ತಾನೆ.

ಅವನ ನೋವೇ ಜಾಸ್ತಿ ಅಂತ ಗೆಳತಿಯರ ವಾದ. ನನಗೆ ಒಪ್ಪಿಗೆ ಇಲ್ಲ. ಅವನಿಗೆ ಊರಿನ ಮರ್ಯಾದೆಯಾದರೂ ಉಳಿದಿತ್ತು, ಅಲ್ವಾ? ನಮ್ಮ ಕಡೆಯೂ ಮಾತು ಬಂದರೆ ನಳದ ಹತ್ತಿರ ಹೆಣ್ಣುಮಗಳ ಹೆಸರೇ ಓಡಾಡುತ್ತದೆ. ಗಂಡಸಿನ ಹೆಸರು ಯಾರೂ ಕೇಳುವುದಿಲ್ಲ.

ಇದನ್ನು ಅನಂತಮೂರ್ತಿಯವರ ‘ಸಂಸ್ಕಾರ’ದ ಜೊತೆ ಹೋಲಿಸಬಹುದೇ? ಅಲ್ಲೂ ಚಂದ್ರಿ ಎಂಬ ಹೆಣ್ಣಿನ ಜೊತೆ ಕೂಡಿದ ಗುಟ್ಟು ಹೊತ್ತು ಒದ್ದಾಡುವುದು ಊರು ಗೌರವಿಸುವ ಪ್ರಾಣೇಶಾಚಾರ್ಯರು. ಆದರೆ ಚಂದ್ರಿಗೆ ಅಳುಕೇ ಇಲ್ಲ. ಹೋಲಿಕೆ ಅಲ್ಲೇ ಮುರಿಯುತ್ತದೆ ಅನ್ನಿಸುತ್ತಿದೆ. ಎರಡನ್ನೂ ಓದಿದವರು ದಯವಿಟ್ಟು ನಾಲ್ಕು ಸಾಲು ಬರೀರಿ. ಗೈಡ್‌ನ ಫೋಟೊ ಮಾತ್ರ ಬೇಡ.