ಮಡಚುವ ಬಟ್‌ನ ಫ್ರೆಂಚ್ ಪ್ಯಾರಾ ರೈಫಲ್ ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ, ಲಿಯಾನ್‌ನಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದು ಹರಾಜಿಗೆ ಮಾಸ್-36 ಸಿಆರ್39 ಬರುತ್ತಿದೆ. ಫ್ರೆಂಚ್ ಸೇನೆಯ ಮಾಸ್-36 ರೈಫಲ್‌ನ ಒಂದು ರೂಪ ಇದು: ಪ್ಯಾರಾಟ್ರೂಪರ್‌ಗಳಿಗಾಗಿ (ಪ್ಯಾರಾಚೂಟ್ ಕಟ್ಟಿ ಇಳಿಯುವ ಸೈನಿಕರು) ಮಾಡಿದ, ಅಲ್ಯೂಮಿನಿಯಂ ಬಟ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಮಡಚಿಕೊಳ್ಳುವ ರೈಫಲ್. ನನ್ನ ಹತ್ತಿರ ಶೂಟಿಂಗ್ ಲೈಸೆನ್ಸ್ ಇದೆ, ಆದರೆ ಹಳೇ ಬಂದೂಕು ಕೊಂಡು ಅಭ್ಯಾಸವಿಲ್ಲ. ಕೊಳ್ಳುವಾಗ ಏನು ಪರೀಕ್ಷಿಸಬೇಕು? ಮುಂದೆ ಮೈಸೂರಿಗೆ ವಾಪಸ್ ಹೋಗುವಾಗ ಜೊತೆಗೆ ಒಯ್ಯಬಹುದಾ?

ಉತ್ತರ, ಸೇಂಟ್ ಎಟಿಯೆನ್‌ನಿಂದ:
ಮೊದಲು ಬಟ್ ನೋಡಿ, ಉಳಿದದ್ದೆಲ್ಲ ಆಮೇಲೆ. ಈ ರೈಫಲ್‌ಗೆ ಬೆಲೆ ಬರುವುದೇ ಅದರಿಂದ, ಮೋಸ ನಡೆಯುವುದೂ ಅಲ್ಲೇ.

ಕಾರಣ ವಿನ್ಯಾಸದಲ್ಲೇ ಇದೆ. ಮಾಮೂಲಿ ಮಾಸ್-36ರಲ್ಲಿ ಮರ ಒಂದೇ ತುಂಡಲ್ಲ. ಮುಂದಿನ ಮರ ಬೇರೆ, ಹಿಂದಿನ ಬಟ್ ಬೇರೆ, ನಡುವೆ ಗಟ್ಟಿಯಾದ ಉಕ್ಕಿನ ರಿಸೀವರ್, ಅಂದರೆ ಗುಂಡು ಹಾರಿಸುವ ಯಂತ್ರಭಾಗ ಕೂರುವ ಚೌಕಟ್ಟು. ಹಾಗಾಗಿ ಹಿಂದಿನ ಮರ ತೆಗೆದು, ಟೊಳ್ಳಾದ ಅಲ್ಯೂಮಿನಿಯಂ ಬಟ್ ಕೂರಿಸಿ, ಕೀಲು ಕೊಟ್ಟು ಪಕ್ಕಕ್ಕೆ ಮಡಚುವಂತೆ ಮಾಡಲು ದಾರಿ ಸುಲಭವಾಯಿತು. ನನಗೆ ಇದು ಬಹಳ ಜಾಣ ಕೆಲಸ ಅನಿಸುತ್ತದೆ. ಆದರೆ ಅದೇ ಸೌಕರ್ಯ ಇವತ್ತು ತೊಂದರೆ: ಬಿಡಿ ಬಟ್ ಸಿಕ್ಕರೆ ಮಾಮೂಲಿ ರೈಫಲ್‌ಗೂ ಹಾಕಿ ಮಾರಬಹುದು ಅಲ್ವಾ? ಅದಕ್ಕೇ ರಿಸೀವರ್, ಬೋಲ್ಟ್ (ಕೈಯಿಂದ ಹಿಂದೆ ಮುಂದೆ ಎಳೆದು ಗುಂಡು ತುಂಬುವ ಭಾಗ), ಮ್ಯಾಗಜಿನ್ ತಳದ ಮುಚ್ಚಳ, ಬಟ್, ಎಲ್ಲದರ ನಂಬರ್ ಹೋಲಿಸಿ ನೋಡಿ. ಮಡಚಿದ ಬಟ್ ನೇರ ಮಾಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೀಲಿನಲ್ಲಿ ಲೊಡಲೊಡ ಅನ್ನಬಾರದು. ಕೀಲಿನ ಸುತ್ತ ಕೂದಲೆಳೆಯ ಬಿರುಕು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಹೊಸದಾಗಿ ಫಳಫಳ ಪಾಲಿಶ್ ಮಾಡಿದ್ದರೆ ನಾನಾದರೆ ಹಿಂದೆ ಸರಿಯುತ್ತೇನೆ.

ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಫ್ರಾನ್ಸ್ 1937ರಲ್ಲಿ 601 ಮತ್ತು 602ನೇ ವಾಯು ಪದಾತಿ ತಂಡಗಳನ್ನು ಕಟ್ಟಿತು, ಒಂದು ರೇಮ್ಸ್‌ನಲ್ಲಿ, ಇನ್ನೊಂದು ಅಲ್ಜೀರಿಯಾದಲ್ಲಿ. ವಿಮಾನದಿಂದ ಹಾರುವವರಿಗೆ ಗಿಡ್ಡ ಬಂದೂಕು ಬೇಕಿತ್ತು. ಸಿಆರ್ ಅಂದರೆ ಮಡಚುವ ಬಟ್, 39 ಅಂದರೆ 1939. ಅಷ್ಟರಲ್ಲಿ 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಹಾಗಾಗಿ ಆ ಸೋಲಿಗೂ ಮುಂಚಿನವು ತೀರಾ ಕಡಿಮೆ. ಯುದ್ಧದ ನಂತರ ಮತ್ತೆ ತಯಾರಿಸಿದರು, ಇಂಡೋಚೈನಾದಲ್ಲಿ (ಇಂದಿನ ವಿಯೆಟ್ನಾಂ ಕಡೆ) ಪ್ಯಾರಾಗಳು ಬಳಸಿದರು. ಮಾರುವವರು ಸುಮ್ನೆ "1939ರದ್ದು" ಅಂದರೆ ನಂಬಬೇಡಿ.

ಉತ್ತರ, ಗ್ರೆನೋಬಲ್‌ನಿಂದ:
ಗುಂಡು ಹಾರಿಸುವ ಆಸೆ ಇದ್ದರೆ ಎರಡು ಮಾತು. ಇದು 7.5×54 ಮಿ.ಮೀ. ಕಾಡತೂಸಿನದು, ಮ್ಯಾಗಜಿನ್‌ನಲ್ಲಿ 5 ಹಿಡಿಸುತ್ತದೆ. ಮಾಸ್-36ರಲ್ಲಿ ಸೇಫ್ಟಿ ಕೀಲಿಯೇ ಇಲ್ಲ. ಚೇಂಬರ್ (ಹಾರಿಸುವ ಮುಂಚೆ ಗುಂಡು ಕೂರುವ ಜಾಗ) ಖಾಲಿ ಇಟ್ಟುಕೊಂಡೇ ಓಡಾಡಬೇಕು, ರೇಂಜ್‌ನಲ್ಲೂ ಇದನ್ನು ಮರೆಯಬೇಡಿ. ಗೆಳೆಯರೊಬ್ಬರ ಸಿಆರ್39ರಲ್ಲಿ ನಾನು ಗುಂಡು ಹೊಡೆದಿದ್ದೇನೆ. ಮರದ ಬಟ್‌ಗಿಂತ ಜಾಸ್ತಿ ಒದೆಯುತ್ತದೆ, ಚಳಿಗಾಲದಲ್ಲಿ ಲೋಹ ಕೆನ್ನೆಗೆ ತಾಗಿದರೆ ಚುರ್ ಅನ್ನುತ್ತದೆ. ದಿನವಿಡೀ ಹೊಡೆಯುವ ರೈಫಲ್ ಅಲ್ಲ. ಹೊಡೆಯಲೇ ಬೇಕಿದ್ದರೆ ಮರದ ಮಾಸ್-36 ಒಂದು ತಗೊಳ್ಳಿ, ಕಡಿಮೆ ಬೆಲೆಗೆ ಸಿಗುತ್ತದೆ.

ಉತ್ತರ, ಪ್ಯಾರಿಸ್‌ನಿಂದ:
ಕಾಗದಪತ್ರದ ವಿಷಯ. ಬೋಲ್ಟ್ ರೈಫಲ್‌ಗಳು ಇಲ್ಲಿ ಸಾಮಾನ್ಯವಾಗಿ ಸಿ ವರ್ಗಕ್ಕೆ ಬರುತ್ತವೆ, ಆದರೆ ಮಡಚುವ ಬಟ್‌ನ ಇದು ಯಾವ ವರ್ಗ ಅಂತ ಹರಾಜಿನವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸರ್ಕಾರದ ಎಸ್‌ಐಎ (ಬಂದೂಕುಗಳ ಮಾಹಿತಿ ವ್ಯವಸ್ಥೆ) ಖಾತೆಯಲ್ಲಿ ದಾಖಲಾಗಬೇಕು, ನಿಮ್ಮ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ನಿಷ್ಕ್ರಿಯಗೊಳಿಸಿದ್ದನ್ನು ಕೊಂಡರೂ ದಾಖಲೆ ತಪ್ಪುವುದಿಲ್ಲ, ಪ್ರಮಾಣಪತ್ರ ಕೇಳಿ ಪಡೆಯಿರಿ. ಮೈಸೂರಿನ ಆಲೋಚನೆ ಬಿಟ್ಟುಬಿಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ದೇಶದೊಳಗೆ ತರಲು ಲೈಸೆನ್ಸ್ ಬೇಕೇ ಬೇಕು, ಬ್ಯಾಗಿನಲ್ಲಿಟ್ಟು ತರುವ ವಸ್ತು ಅಲ್ಲ ಇದು.

ಪ್ರಶ್ನೆ ಕೇಳಿದವರಿಗೆ ಮತ್ತೆ, ಸೇಂಟ್ ಎಟಿಯೆನ್‌ನಿಂದ:
ಹರಾಜಿನವರ ಹತ್ತಿರ ಬಟ್ ಮಡಚಿದ್ದು ಒಂದು, ಬಿಚ್ಚಿದ್ದು ಒಂದು, ಕೀಲಿನ ಹತ್ತಿರದ ಫೋಟೋ ಒಂದು, ನಂಬರ್‌ಗಳದ್ದು ಬೇರೆ ಬೇರೆ ಫೋಟೋ ಕೇಳಿ. ಬಂದ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ. ಫೋಟೋ ಕೊಡಲು ಹಿಂಜರಿದರೆ ಬಿಡ್ ಮಾಡಬೇಡಿ.