ಡ್ರ್ಯಾಗನ್ ಫ್ರೂಟ್ ಅಂತ ಕೊಟ್ಟ ಗೆಲ್ಲು: ಇದು ಯಾವ ಗಿಡ?

ಪ್ರಶ್ನೆ (ಬ್ರಹ್ಮಾವರದಿಂದ): ನಮಸ್ತೆ ಮೇಡಂ. ಹೋದ ವರ್ಷ ದೊಡ್ಡಮ್ಮನ ಮನೆಯಿಂದ ಗೇಣುದ್ದದ ಒಂದು ಗೆಲ್ಲು ತಂದು ಚಟ್ಟಿಯಲ್ಲಿ ನೆಟ್ಟಿದ್ದೆ. ಡ್ರ್ಯಾಗನ್ ಫ್ರೂಟ್ ಅಂತ ಹೇಳಿ ಕೊಟ್ಟಿದ್ದರು. ಈಗ ಮೊಣಕಾಲೆತ್ತರ ಬೆಳೆದಿದೆ. ಕಾಂಡಕ್ಕೆ ಮೂರು ಏಣು, ಏಣಿನುದ್ದಕ್ಕೂ ಸಣ್ಣ ಮುಳ್ಳು, ಮುಳ್ಳಿನ ಹತ್ತಿರ ಚಮಚದ ಆಕಾರದ ಪುಟ್ಟ ಎಲೆ. ಮೈಮೇಲೆ ಬಿಳಿಚಿದ ಗೀಟುಗಳಿವೆ. ಪಕ್ಕದ ಮನೆಯವರು ಇದು ಕಳ್ಳಿ, ಹಣ್ಣಾಗುವುದಿಲ್ಲ ಅನ್ನುತ್ತಾರೆ. ಮಳೆ ಶುರುವಾದ ಮೇಲೆ ಎಲೆಗಳು ಹಳದಿಯಾಗಿ ಉದುರುತ್ತಿವೆ. ಫೋಟೋ ಹಾಕಿದ್ದೇನೆ. ಯಾವ ಗಿಡ ಅಂತ ತಿಳಿಸುವಿರಾ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕಿ): ಗೆಲ್ಲು ಮುರಿದಾಗ ಬಿಳಿ ಹಾಲು ಬಂತಾ? ಫೋಟೋ ಹಾಕುವವರು ಇದೊಂದನ್ನು ಬರೆಯುವುದೇ ಇಲ್ಲ. ನನಗೆ ಮೊದಲು ಬೇಕಾಗಿರುವುದು ಅದೇ.

ಪ್ರಶ್ನೆ ಕೇಳಿದವರು: ಹೌದು ಮೇಡಂ, ತುಂಬಾ ಬಂತು. ಕೈಗೆ ಅಂಟಿಕೊಂಡು ಸ್ವಲ್ಪ ಉರಿಯಿತು ಕೂಡ.

ಉತ್ತರ: ಹಾಗಾದರೆ ಡ್ರ್ಯಾಗನ್ ಫ್ರೂಟ್ ಅಲ್ಲ. ಅದರ ಕಾಂಡಕ್ಕೂ ಮೂರು ಏಣು ಇರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಆದರೆ ಅದನ್ನು ಕತ್ತರಿಸಿದರೆ ಲೋಳೆ ಬರುತ್ತದೆ, ಹಾಲು ಬರುವುದಿಲ್ಲ.

ನಿಮ್ಮದು ಯುಫೋರ್ಬಿಯಾ ಟ್ರೈಗೋನಾ. ನರ್ಸರಿಗಳಲ್ಲಿ ಆಫ್ರಿಕನ್ ಮಿಲ್ಕ್ ಟ್ರೀ ಅಂತ ಮಾರುತ್ತಾರೆ. ಪಕ್ಕದ ಮನೆಯವರು ಕಳ್ಳಿ ಅಂದದ್ದು ಸರಿಯೇ. ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳ ರಬ್ಬರ್ ಮರವೂ, ಹರಳು ಗಿಡವೂ ಇದೇ ಕುಟುಂಬದವು.

ಹಾಲು ಒಂದನ್ನೇ ನಂಬಿದರೆ ಸಾಲದು. ಡ್ರ್ಯಾಗನ್ ಫ್ರೂಟ್ ಕ್ಯಾಕ್ಟಸ್ ಜಾತಿಯದು, ಕೆಲವು ಕ್ಯಾಕ್ಟಸ್‌ಗಳಿಗೂ ಹಾಲಿರುತ್ತದೆ. ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಮೆತ್ತನೆಯ ಒಂದು ಸಣ್ಣ ಚುಕ್ಕೆಯಿಂದ ಗೊಂಚಲಾಗಿ ಹೊರಡುತ್ತವೆ. ನಿಮ್ಮ ಗಿಡದಲ್ಲಿ ಅಂಥ ಚುಕ್ಕೆ ಇಲ್ಲ, ಮುಳ್ಳುಗಳು ಜೋಡಿಜೋಡಿಯಾಗಿ ಏಣಿನ ಮೇಲೆ ಕೂತಿವೆ. ಕ್ಯಾಕ್ಟಸ್ ಹುಟ್ಟಿದ್ದು ಅಮೆರಿಕ ಖಂಡಗಳಲ್ಲಿ, ಈ ಗಿಡ ಆಫ್ರಿಕದ್ದು. ಎರಡಕ್ಕೂ ನಂಟಿಲ್ಲ. ಒಣ ನೆಲದಲ್ಲಿ ನೀರು ಹಿಡಿದಿಡಬೇಕಾದಾಗ ಬೇರೆ ಬೇರೆ ಕಡೆ ಗಿಡಗಳು ಒಂದೇ ರೂಪ ಪಡೆದಿವೆ. ನನಗೆ ಇದು ಇಂದಿಗೂ ಅಚ್ಚರಿಯೇ.

ನಮ್ಮ ದೇಶದ್ದೇ ಆದ ಚದುರಗಳ್ಳಿಯೂ ಹೀಗೇ ಕಾಣುತ್ತದೆ. ಆದರೆ ಅದರ ಎಲೆ ತೀರಾ ಚಿಕ್ಕದು, ಬೇಗ ಬಿದ್ದುಹೋಗುತ್ತದೆ. ಟ್ರೈಗೋನಾದಲ್ಲಿ ಎಲೆ ಜಾಸ್ತಿ ದಿನ ನಿಲ್ಲುತ್ತದೆ. ನೀವು ಹೇಳಿದ ಬಿಳಿಚಿದ ಗೀಟೂ ಅದರ ಗುರುತೇ. ಹೂ ಬಿಡುವುದು ತೀರಾ ಅಪರೂಪ. ಹಾಗಾಗಿ ಇದು ಗೆಲ್ಲಿನಿಂದ ಗೆಲ್ಲಿಗೆ, ಮನೆಯಿಂದ ಮನೆಗೆ ಹಬ್ಬಿದೆ.

ಇನ್ನು ಎಲೆ ಉದುರುವುದು. ಕಾಂಡವೇ ಹಸಿರಾಗಿರುವುದರಿಂದ ಆಹಾರ ಅಲ್ಲೇ ತಯಾರಾಗುತ್ತದೆ, ಎಲೆ ಹೋದರೆ ಗಿಡ ಸಾಯುವುದಿಲ್ಲ. ಆದರೆ ನಮ್ಮ ಮಳೆ ಇದಕ್ಕೆ ಆಗುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಟ್ಟಿಯನ್ನು ಇವತ್ತೇ ಸಿಟೌಟಿಗೆ ತನ್ನಿ, ಬೆಳಕು ಬೀಳುವ ಕಡೆ ಇಡಿ. ಬುಡ ಒತ್ತಿ ನೋಡಿ. ಗಟ್ಟಿ ಇದ್ದರೆ ಮಣ್ಣು ಪೂರ್ತಿ ಒಣಗುವ ತನಕ ನೀರು ಬೇಡ. ಮೆತ್ತಗಾಗಿ ಕಂದು ಬಣ್ಣ ಬಂದಿದ್ದರೆ, ಒಳಗೆ ಕಂದು ಕಲೆಯೇ ಕಾಣದಷ್ಟು ಮೇಲೆ ಕತ್ತರಿಸಿ. ಕತ್ತರಿಸಿದ ಬಾಯಿಗೆ ತಣ್ಣೀರು ಚಿಮುಕಿಸಿದರೆ ಹಾಲು ನಿಲ್ಲುತ್ತದೆ. ಒಂದು ವಾರ ನೆರಳಲ್ಲಿ ಒಣಗಲು ಬಿಡಿ. ಆಮೇಲೆ ದಪ್ಪ ಹೊಯ್ಗೆ ಜಾಸ್ತಿ ಸೇರಿಸಿದ ಮಣ್ಣಿನಲ್ಲಿ ನೆಡಿ. ಬರೀ ಕೆಂಪು ಮಣ್ಣು ಗಟ್ಟಿಯಾಗಿ ನೀರು ನಿಲ್ಲಿಸುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಬುಡ ಗಟ್ಟಿಯೇ ಇದೆ. ಇನ್ನೊಂದು ವಿಷಯ. ಈ ಹಾಲು ನರೂಲಿಗೆ ಹಚ್ಚಿದರೆ ಒಳ್ಳೆಯದು ಅಂತ ನಮ್ಮ ಮಾವ ಹೇಳುತ್ತಿದ್ದಾರೆ. ಹಚ್ಚಬಹುದಾ?

ಉತ್ತರ: ದಯವಿಟ್ಟು ಬೇಡ. ಮಾವನವರಿಗೆ ನನ್ನ ಹೆಸರು ಹೇಳಿಯೇ ಬೇಡ ಅನ್ನಿ. ಇದು ಚರ್ಮದ ಮೇಲೆ ಬೊಕ್ಕೆ ಏಳಿಸಬಲ್ಲದು. ಕಣ್ಣಿಗೆ ಬಿದ್ದರಂತೂ ವಿಪರೀತ ನೋವು, ದೃಷ್ಟಿಗೇ ಪೆಟ್ಟಾಗಬಹುದು. ಹಾಗೇನಾದರೂ ಆದರೆ ಕಣ್ಣುಜ್ಜಬೇಡಿ. ಹರಿಯುವ ಶುದ್ಧ ನೀರಿನಲ್ಲಿ 15 ನಿಮಿಷವಾದರೂ ತೊಳೆದು, ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಗಿಡದ ಫೋಟೋ ಮೊಬೈಲಿನಲ್ಲಿ ಇರಲಿ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಕೈಗೆ ತಾಗಿದರೆ ಒಣಗುವ ಮೊದಲೇ ಸೋಪು ಹಾಕಿ ತೊಳೆಯಿರಿ. ಮನೆಯಲ್ಲಿ ಸಣ್ಣ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಕೈಗೆ ಬಾಯಿಗೆ ಸಿಗದ ಜಾಗದಲ್ಲಿ ಇಡಿ.

ಇನ್ನೊಬ್ಬ ಸದಸ್ಯರು (ಸುರತ್ಕಲ್): ಮೇಡಂ, ನಿಜವಾದ ಡ್ರ್ಯಾಗನ್ ಫ್ರೂಟ್ ಗೆಲ್ಲು ಕೇಳಿ ತರುವಾಗ ಏನು ನೋಡಬೇಕು?

ಉತ್ತರ: ಎಲೆ ಇರಬಾರದು. ಮುಳ್ಳು ಮೋಟಾಗಿ, ದೂರ ದೂರ ಗೊಂಚಲಾಗಿ ಇರಬೇಕು. ಬಲಿತ ಗೆಲ್ಲಿನಲ್ಲಿ ಗಾಳಿಯಲ್ಲಿ ಇಳಿದ ಬೇರು ಕಾಣುತ್ತದೆ. ಅದು ಹಬ್ಬುವ ಗಿಡ, ಕಲ್ಲುಕಂಬವೋ ಸಿಮೆಂಟ್ ಕಂಬವೋ ಬೇಕು. ಹೂ ಅರಳುವುದು ರಾತ್ರಿ. ಕೆಲವು ಜಾತಿಗಳಿಗೆ ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಸಾಧ್ಯವಾದರೆ ಬೇರೆ ಬೇರೆ ಮನೆಯಿಂದ ಎರಡು ಜಾತಿಯ ಗೆಲ್ಲು ತಂದು ಹತ್ತಿರ ಹತ್ತಿರ ನೆಡಿ.