ಮುಧೋಳ ನಾಯಿಗೆ ಹಸಿ ಎಲುಬು ಹಾಕಬಹುದೇನ್ರಿ?

ಘಟಪ್ರಭಾ ದಂಡಿ (ಮುಧೋಳ ತಾಲೂಕು):
ನಮ್ಮ ಬಿಜಲಿಗೆ ಈಗ 14 ತಿಂಗಳು. ಮುಧೋಳ ತಳಿ, 23 ಕೆಜಿ. ದಿನಾ ಜ್ವಾಳದ ನುಚ್ಚು, ಹಾಲು, ನಡುವ ಒಂದೊಂದು ತತ್ತಿ. ಹೊರಸಿನ ಕಾಲು, ನಮ್ಮಪ್ಪನ ಜೋಡು ಎಲ್ಲಾ ಕಡದು ಮುಗಿಸ್ಯಾಳ. ಮಟನ್ ಅಂಗಡ್ಯಾವ, ಐತವಾರ ಬಾ, ಎಲುಬು ಸುಮ್ನ ಕೊಡ್ತೀನಿ ಅಂತಾನ. ಅಪ್ಪ ಅಂತಾರ, ಹಸೀದು ಹಾಕಿದ್ರ ರಕ್ತದ ರುಚಿ ಹತ್ತಿ ಕುರಿಮರಿಗೆ ಬಾಯಿ ಹಾಕ್ತಾಳ, ಕುದಿಸಿ ಹಾಕು ಅಂತ. ಯಾವುದು ಖರೆ?

ಕಿಲ್ಲಾ ಕಾಕಾ (ಬೆಳಗಾವಿ):
ನಮ್ಮ ಮನ್ಯಾಗ ಮೂರು ನಾಯಿ ಆಗಿ ಹೋದ್ವು. ತಾಟಿನ್ಯಾಗ ಉಳದ ಕೋಳಿ ಎಲುಬು ಎಲ್ಲಾ ಅವಕ್ಕ. ಏನೂ ಆಗಿಲ್ಲ. ಓಣಿ ನಾಯಿ ಡಾಕ್ಟ್ರನ ಕೇಳಿ ತಿಂತಾವೇನು? 2005ರಾಗ ಅಂಚೆಚೀಟಿ ಮ್ಯಾಲ ಬಂದ ತಳಿ ಅದು, ಎಲುಬಿಗೆ ಅಂಜತೈತೇನಪಾ!

ಗುಮ್ಮಟದ ಅಕ್ಕ (ವಿಜಯಪುರ):
ಕಾಕಾರ, ಓಣಿ ನಾಯಿ ಸತ್ರ ಯಾಕ ಸತ್ತಿತು ಅಂತ ಯಾರು ನೋಡಾಕ ಹೋಗ್ಯಾರ?

ಬೀಗರು ಬಂದಾಗ ನಮ್ಮ ಮಾವನೋರು ಹಿಂಗ ಚಿಕನ್ ತಾಟು ನಮ್ಮ ಟೈಗರನ ಮುಂದ ಸುರಿವಿದ್ರು. ಎರಡು ದಿನ ವಾಂತಿ, ಹೊಟ್ಟಿ ಮುಟ್ಟಗೊಡವಲ್ದು. ಎಕ್ಸ್‌ರೇದಾಗ ಚೂರು ಎಲ್ಲಾ ಹೋಗಿ ಗುದದ್ವಾರದ ಹತ್ರ ಗಂಟಾಗಿ ಕುಂತಿದ್ವು. ಮಂಪರು ಕೊಟ್ಟು ತಗದ್ರು. ಎಲುಬು ಬೇಯಿಸಿದ್ರ ಅದರ ಹಸಿತನ ಹೋಗಿ, ಒಣ ಜ್ವಾಳದ ದಂಟು ಮುರದಂಗ ಚೂಪಾಗಿ ಸೀಳತೈತಿ. ತಮ್ಮಾ, ನಿಮ್ಮಪ್ಪಾರ ಮಾತು ಕೇಳಿ ಕುದಿಸಿ ಮಾತ್ರ ಹಾಕಬ್ಯಾಡ. ರಕ್ತದ ರುಚಿ ಅನ್ನೂದೂ ಸುಳ್ಳು. ಓಡೂದನ್ನ ಬೆನ್ನಹತ್ತೂದು ಆ ತಳಿಯೊಳಗ ಐತಿ, ನುಚ್ಚು ತಿಂದ್ರೂ ಹತ್ತತೈತಿ.

ಆದ್ರ ಹಸೀದು ಅಂದಕೂಡ್ಲೆ ಪಾರಾದ್ವಿ ಅನ್ನಾಕಾಗಂಗಿಲ್ಲ. ಆಮ್ಯಾಲ ನಾ ಶಾಣ್ಯಾಕಿ ಆಗಾಕ ಹೋಗಿ ದಪ್ಪನ್ನ ಎಮ್ಮಿ ನಳ್ಳಿ ಎಲುಬು ತಂದೆ. ಮ್ಯಾಲಿನ ದೊಡ್ಡ ದವಡಿ ಹಲ್ಲು ಪದರಾಗಿ ಎದ್ದು ಬಂತು. ಎಲುಬನ್ನ ಉಗುರಿಂದ ಒತ್ತಿದ್ರ ಒಂಚೂರೂ ತಗ್ಗು ಬೀಳಲಿಲ್ಲ ಅಂದ್ರ ಅದು ಹಲ್ಲಿಗಿಂತ ಗಟ್ಟಿ ಅಂತ ಡಾಕ್ಟ್ರು ಆವಾಗ ಹೇಳಿದ್ರು. ನಳ್ಳಿಯೊಳಗ ಬರೇ ನೆಣ, ಭೇದಿ ಹತ್ತತೈತಿ. ಬಳಿ ಹಂಗ ಕೊಯ್ದ ತುಂಡಂತೂ ಕೆಳಗಿನ ದವಡಿಗೆ ಸಿಕ್ಕೊಂಡು ಕುಂದರತೈತಿ.

ಈಗ ನಾ ಕುರಿ ಕುತ್ತಿಗಿ ಇಡೀದ ತರ್ತೀನಿ. "ಕಡದು ಕೊಡಬ್ಯಾಡ್ರಿ" ಅಂತ ಮದಲ ಹೇಳಬೇಕು, ಇಲ್ಲಂದ್ರ ರೂಢಿ ಮ್ಯಾಲ ತಟ್ಟಂತ ನಾಕು ತುಂಡು ಮಾಡ್ತಾರ. ನಾಯಿ ಬಾಯಿಗಿಂತ ದೊಡ್ಡದಿರಬೇಕು. ಹೊಟ್ಟಿ ತುಂಬಿದ ಮ್ಯಾಲ ಕೊಟ್ಟು, ಎದುರಿಗೆ ಕುಂತು, ಕಾಲು ತಾಸು ಬಿಟ್ಟು ಏನರ ತಿನ್ನಾಕ ತೋರಿಸಿ ಕಸಗೋತೀನಿ. ಸಣ್ಣ ತುಂಡು ಉಳದ್ರ ತಿಪ್ಪಿಗಿ.

ಇಷ್ಟೆಲ್ಲಾ ಆಮ್ಯಾಲ. ಮದಲ ಆಕಿಗೆ ಒಂದು ಗಟ್ಟಿ ರೊಟ್ಟಿ ಹಾಕಿ ನೋಡು. ಅಗದು ತಿಂತಾಳೋ, ನುಂಗ್ತಾಳೋ? ನುಂಗೂ ನಾಯಿಗೆ ಯಾವ ಎಲುಬೂ ಬ್ಯಾಡ.

ಜಮಖಂಡಿ ಕಂಪೌಂಡರ್ (ಬಾಗಲಕೋಟೆ ಜಿಲ್ಲಾ):
ಅಕ್ಕಾರು ಹೇಳಿದ್ದು ಬರೋಬ್ಬರಿ. ಒಂದು ಬಿಟ್ಟಾರ: ಅಂಗಡ್ಯಾವ ಎಲುಬಿನ ಜೋಡಿ ಪುಪ್ಪುಸ, ಕಾರ್ಜನೂ ಕಟ್ಟಿ ಕೊಡ್ತಾನ. ಕುರಿ ಕಾರ್ಜದಾಗ ನೀರಗುಳ್ಳಿ ಇದ್ದು ಹಸೀದು ತಿಂದ್ರ ನಾಯಿ ಕರುಳಾಗ ಲಾಡಿಹುಳ ಆಗತಾವ. ಆ ಹುಳದ ತತ್ತಿ ನಾಯಿ ಹೇಲಿನ್ಯಾಗಿಂದ ಮನಶ್ಯಾನ ಹೊಟ್ಟಿಗಿ ಹೋದ್ರ ನಮ್ಮ ಲಿವರಿನ್ಯಾಗೂ ಗುಳ್ಳಿ ಏಳತಾವ. ಪ್ರಾಜಿಕ್ವಾಂಟೆಲ್ ಇರೂ ಜಂತಿನ ಗುಳಗಿ ತಪ್ಪಿಸಬ್ಯಾಡ್ರಿ, ಕೈ ಸಾಬಾಣ ಹಚ್ಚಿ ತೊಳೀರಿ. ನಾಯಿ ಹೇಲು ಸುಣ್ಣದಂಗ ಬೆಳ್ಳಗಾಗಿ ತಿಣಕಾಕತ್ರ ಎಲುಬು ಹೆಚ್ಚಾಗೈತಿ ಅಂತ ತಿಳೀರಿ. ನುಂಗಿಬಿಟ್ರ ಉಪ್ಪುನೀರು ಕುಡಿಸಿ ವಾಂತಿ ಮಾಡ್ಸಾಕ ಹೋಗಬ್ಯಾಡ್ರಿ. ಬರೂ ಮುಂದ ಚೂಪು ತುದಿ ಗಂಟಲಾ ಸೀಳತೈತಿ.

ಕಿಲ್ಲಾ ಕಾಕಾ (ಬೆಳಗಾವಿ):
ಆತ್ರೆಪಾ. ಕೋಳಿ ಎಲುಬು ಬಂದ್ ಮಾಡ್ತೀನಿ. ಕೊನೀ ನಾಯಿ ಯಾಕ ಹೋತು ಅಂತ ನಮಗೂ ಗೊತ್ತಾಗಿರಲಿಲ್ಲ.

ಘಟಪ್ರಭಾ ದಂಡಿ (ಮುಧೋಳ ತಾಲೂಕು):
ಅಕ್ಕಾರ, ಈಗ ಖಟಿ ರೊಟ್ಟಿ ಹಾಕಿ ನೋಡಿದೆ. ಎರಡು ಮುರಿತ, ಗುಳುಂ. ಮಟನ್ ಅಂಗಡ್ಯಾವಗ ಬ್ಯಾಡ ಅಂತ ಹೇಳಿದೆ. ದಪ್ಪ ರಬ್ಬರಿಂದು ಏನರ ಆಟಿಗಿ ಸಿಗತೈತೇನು ನೋಡ್ತೀನಿ, ಅಪ್ಪ ಹೊಸ ಜೋಡು ತಂದಾರ.